ಒಳಗಿನ ಚಿಲಕ

ಹತ್ತು ವರ್ಷದ ಕಳ್ಳನನ್ನೂ ಅವರು ಬಹುವಚನದಲ್ಲಿಯೇ ಮಾತಾಡಿಸುತ್ತಿದ್ದರು. ತಾಮ್ರದ ತಂತಿ ಕದ್ದು ಸಿಕ್ಕಿಬಿದ್ದ ಹುಡುಗನನ್ನು ಪೊಲೀಸಿನವನು ಕತ್ತು ಹಿಡಿದು ತಂದು ನಮ್ಮ ಕಚೇರಿಯ ಬಾಗಿಲಲ್ಲಿ ನಿಲ್ಲಿಸಿದರೆ, ಇವರು ಕುರ್ಚಿಯಿಂದ ಎದ್ದು, "ಬರ್ರಿ, ಕೂಡ್ರಿ. ನೀರು ಕುಡೀತೀರೇನು?" ಎಂದು ಕೇಳುವರು. ತನ್ನ ಬೆನ್ನಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು ಹುಡುಗ ತಿರುಗಿ ನೋಡುವನು. ಪೊಲೀಸಿನವನೂ ನೋಡುವನು. ಅಲ್ಲಿ ಯಾರೂ ಇರುತ್ತಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಐವತ್ತು ತುಂಬಿತ್ತೋ ಇಲ್ಲವೋ ತಿಳಿಯದು. ಹೊಟ್ಟೆಯಲ್ಲಿ ಗಂಟಾಗಿತ್ತಂತೆ, ಬಹಳ ದಿನ ಯಾರಿಗೂ ಹೇಳಿರಲಿಲ್ಲವಂತೆ. ನಾನು ಧಾರವಾಡದ ಸಾಲೆಯಲ್ಲಿ ಏಳನೆಯ ಇಯತ್ತೆಗೆ ವ್ಯಾಕರಣ ಹೇಳುತ್ತಿದ್ದಾಗ ಜವಾನ ಚೀಟಿ ತಂದುಕೊಟ್ಟ. ಓದಿದವಳೇ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದು ನಿಂತೆ. ಅಳು ಬರಲಿಲ್ಲ. ಇನ್ನು ಅವರಿಗೆ ಹೇಳಬೇಕಾದದ್ದನ್ನು ಹೇಳಲು ಆಗುವುದಿಲ್ಲವಲ್ಲ ಎಂಬುದೊಂದೇ ತಲೆಯಲ್ಲಿ ಬಡಿಯುತ್ತಿತ್ತು.

ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ನಮ್ಮ ಕಡೆ ಸಾಲೆಯ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. ಅವರು ಮೊದಲು ಶಿಕ್ಷಕಿಯಾಗಿದ್ದವರು. ಕೆಲಸ ಬದಲಾದರೂ ಹೆಸರು ಹೋಗಿರಲಿಲ್ಲ. ಹುಬ್ಬಳ್ಳಿಯ ಸ್ಟೇಷನ್ ರಸ್ತೆಯ ಒಂದು ಮಹಡಿಯ ಮೇಲೆ ನಮ್ಮ ಸಣ್ಣ ಸಂಸ್ಥೆಯಿತ್ತು. ದಾರಿ ತಪ್ಪಿದ ಮಕ್ಕಳನ್ನು ಕೋರ್ಟು ಸೀದಾ ರಿಮ್ಯಾಂಡ್ ಹೋಮಿಗೋ ಜೈಲಿನಂಥ ಕಡೆಗೋ ಕಳಿಸದೆ, ಕೆಲವರನ್ನು ಅವರವರ ಮನೆಯಲ್ಲಿಯೇ ಇರಲು ಬಿಡುತ್ತಿತ್ತು. ವಾರಕ್ಕೊಮ್ಮೆ ಆ ಮನೆಗಳಿಗೆ ಹೋಗಿ, ಹುಡುಗರೊಡನೆ, ತಾಯಿ-ತಂದೆಯರೊಡನೆ ಕೂತು, ಮನೆ ಹೇಗಿದೆ, ಏನು ಮಾಡಿದರೆ ಸರಿಹೋದೀತು ಎಂದು ನೋಡಿ ಕೋರ್ಟಿಗೆ ವರದಿ ಬರೆಯುವುದು ನಮ್ಮ ಕೆಲಸ. ಬಿ.ಎ. ಮುಗಿಸಿ ನಾನು ಅಲ್ಲಿ ಸೇರಿದ್ದು ಅರವತ್ತರ ದಶಕದ ಆರಂಭದಲ್ಲಿ. ಸಪ್ತಾಪುರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿಬರುತ್ತಿದ್ದೆ. ಬಾಯಾರ ಕೈಕೆಳಗೆ ಕಲಿಯಲು ನನ್ನನ್ನು ಹಾಕಿದರು. ಮನೆಗಳವರು ನನ್ನನ್ನು ಸಣ್ಣ ಬಾಯಾರು ಎಂದು ಕರೆಯತೊಡಗಿದರು.

ಮೊದಲ ದಿನವೇ ಅವರು ತಮ್ಮ ಒಂದು ತಪ್ಪನ್ನು ಹೇಳಿದರು. ಒಬ್ಬ ಹುಡುಗನ ಮಲತಂದೆಯ ನಯವಾದ ಮಾತನ್ನು ನಂಬಿ, ಆ ಮನೆ ಒಳ್ಳೆಯದೆಂದು ವರದಿ ಬರೆದಿದ್ದರಂತೆ. ತಿಂಗಳೊಳಗೆ ಆ ಮನುಷ್ಯ ಹುಡುಗನನ್ನು ಮುಂಬಯಿಯ ಯಾವುದೋ ಹೋಟೆಲಿಗೆ ಕಳಿಸಿಬಿಟ್ಟ. ಎಲ್ಲಿಯೆಂದು ಇವತ್ತಿಗೂ ತಿಳಿದಿಲ್ಲ.

"ನಾ ಆ ಮನಿಗೆ ನಾಕು ಸಲ ಹೋಗಿದ್ದೆ. ನಾಕೂ ಸಲ ಆ ಮನಶ್ಯಾನ ಮಾತಾಡಿದ. ಹುಡುಗನ ಧ್ವನಿ ನಾ ಕೇಳೇ ಇಲ್ಲ. ಅದು ನನಗ ಆಮ್ಯಾಲೆ ನೆನಪಾತು," ಎಂದರು. ಹೊಸದಾಗಿ ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದರಂತೆ. ಗೆದ್ದ ಕತೆಗಳೂ ಅವರ ಹತ್ತಿರ ಇದ್ದವು, ಅವನ್ನು ಬೇರೆಯವರಿಂದ ಕೇಳಬೇಕಾಗುತ್ತಿತ್ತು.

ಬಸ್ಸಿನಲ್ಲಿ ಕೂತರೆ ಶೇಂಗಾ ತಿನ್ನುವರು. ಸಿಪ್ಪೆಯನ್ನು ಕೆಳಗೆ ಬೀಳಿಸದೆ ತಮ್ಮ ಚೀಲಕ್ಕೇ ಹಾಕಿಕೊಳ್ಳುವರು; ವರದಿಯ ಹಾಳೆಗಳ ನಡುವೆ ಆ ಸಿಪ್ಪೆಗಳು ಸಿಗುತ್ತಿದ್ದವು. ನಡೆದರೆಂದರೆ ನಾನು ಓಡಬೇಕು. ಹಿಂದೆ ಉಳಿದವರಿಗಾಗಿ ನಿಲ್ಲುವುದು ಅವರ ಸ್ವಭಾವದಲ್ಲಿರಲಿಲ್ಲ. ಕಾರಕೂನರ ಮೇಲೆ ಸಿಟ್ಟಾದರೆ ಎರಡು ದಿನ ಮಾತಾಡುತ್ತಿರಲಿಲ್ಲ. ಯಾವುದಾದರೂ ಮಗುವಿನ ಕತೆ ಕೇಳಿ ನಾನು "ಪಾಪ" ಎಂದರೆ ಹುಬ್ಬು ಗಂಟಿಕ್ಕುವರು. "ಆ ಶಬ್ದ ಬ್ಯಾಡ್ರಿ. ಪಾಪ ಅಂದಕೂಡ್ಲೆ ನಮ್ಮ ಕೆಲಸ ಮುಗೀತಂತ ನಮಗ ಅನಸ್ತದ," ಎನ್ನುವರು.

ತಂತಿ ಕದ್ದ ಆ ಹುಡುಗನ ಮನೆಗೆ ನಾವು ಹೋದದ್ದು ನನ್ನ ಎರಡನೆಯ ವಾರದಲ್ಲಿ. ಬಟ್ಟೆ ಗಿರಣಿಯ ಹಿಂದಿನ ಚಾಳಿನಲ್ಲಿ ಒಂದೇ ಖೋಲಿ. ಗಿರಣಿಯ ಪಾಳಿ ಮುಗಿಸಿ ಬಂದ ತಂದೆ ಗೋಡೆಗೊರಗಿ ಕೂತಿದ್ದ. ನಾವು ಬೈಯಲು ಬಂದವರೆಂದು ತಿಳಿದು, ತಾನೇ ಮೊದಲು ಮಗನನ್ನು ಬೈಯತೊಡಗಿದ. ಬಾಯಾರು ಅವನ ಮಾತು ಮುಗಿಯುವತನಕ ಕಾದರು.

"ನಾ ಅದನ್ನ ಕೇಳಾಕ ಬಂದಿಲ್ರಿ," ಎಂದರು. "ನಿಮ್ಮ ಮಗ ಮಧ್ಯಾಹ್ನ ಎಷ್ಟೊತ್ತಿಗೆ ಉಣ್ತಾರ?"

ಅವನು ಹೆಂಡತಿಯ ಮುಖ ನೋಡಿದ. ಅರಳೆ ಬಿಡಿಸುವ ಕಾರಖಾನೆಗೆ ಹೋಗುತ್ತಿದ್ದ ಆಕೆ ಇವನ ಮುಖ ನೋಡಿದಳು. ಇಬ್ಬರಿಗೂ ಗೊತ್ತಿರಲಿಲ್ಲ. ಪಕ್ಕದ ಖೋಲಿಯ ಮುದುಕಿಯೊಬ್ಬಳು ಬಾಗಿಲಲ್ಲಿ ಇಣುಕಿ, "ಆ ಹುಡುಗ ಹಗಲಿಗೆ ಎಲ್ಲಿ ಉಣ್ತಾನ್ರಿ? ಕೀಲಿ ಹಾಕಿ ಹೋಗಿರ್ತಾರ," ಎಂದಳು. ಆ ತಂದೆ ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡ. ಬಾಯಾರು ಅವನಿಗೆ ಉಪದೇಶವನ್ನೇನೂ ಮಾಡಲಿಲ್ಲ. ಕೀಲಿ ಮುದುಕಿಯ ಹತ್ತಿರ ಇರಬೇಕೆಂದು, ಹುಡುಗನಿಗೆ ಆಕೆ ರೊಟ್ಟಿ ಹಾಕಿಕೊಡಬೇಕೆಂದು ಗೊತ್ತುಮಾಡಿ, ಮೂರು ತಿಂಗಳು ವಾರವಾರ ಹೋಗಿ ಅದು ನಡೆದಿದೆಯೋ ಇಲ್ಲವೋ ನೋಡಿದರು. ಅಷ್ಟೇ. ಆ ಹುಡುಗ ಮತ್ತೆ ನಮ್ಮ ಕಚೇರಿಗೆ ಬರಲಿಲ್ಲ.

ಅವರ ಚೀಲದಲ್ಲಿ ಯಾವಾಗಲೂ ಮಡಿಸಿದ ಒಂದು ಸಣ್ಣ ಚಾಪೆ ಇರುತ್ತಿತ್ತು. ಯಾರ ಮನೆಗೆ ಹೋದರೂ ತಾವೇ ಹಾಸಿಕೊಂಡು ಕೂರುವರು. ಅದು ಸ್ವಚ್ಛತೆಯ ಗೀಳು ಎಂದು ನಾನು ಬಹಳ ದಿನ ತಿಳಿದಿದ್ದೆ. ಒಮ್ಮೆ ಹಳೇ ಹುಬ್ಬಳ್ಳಿಯ ಒಂದು ಮನೆಯಲ್ಲಿ ಗೃಹಿಣಿ ಚಹಾದ ಕಪ್ಪು ತಂದು ಅವರ ಕಡೆ ಚಾಚುತ್ತ, "ನಿಮ್ಮದು ಯಾವ ಊರ್ರಿ?" ಎಂದು ಕೇಳಿದಳು.

"ಮುಗದ."

"ಮುಗದದಾಗ ಯಾರ ಪೈಕಿ?"

ಬಾಯಾರು ಹೇಳಿದರು. ಸುತ್ತುಬಳಸದೆ, ಊರ ಹೊರಗಿನ ತಮ್ಮ ಓಣಿಯ ಹೆಸರನ್ನೂ, ಕೆಲವು ವರ್ಷಗಳ ಹಿಂದೆ ಮನೆಯವರೆಲ್ಲ ಬೌದ್ಧರಾದದ್ದನ್ನೂ ಹೇಳಿದರು. ಚಾಚಿದ್ದ ಕಪ್ಪು ಗಾಳಿಯಲ್ಲಿಯೇ ನಿಂತಿತು. ಆಮೇಲೆ ಆ ಕೈ ಹಿಂದಕ್ಕೆ ಹೋಯಿತು. ಕಪ್ಪು ನನ್ನ ಮುಂದೆ ಬಂತು. ನಾನು ದಿಗ್ಭ್ರಮೆಯಿಂದ ಕೂತಿದ್ದೆ. ಬಾಯಾರು ಆ ಮನೆಯ ಮಗನ ಸಾಲೆಯ ವಿಷಯ ಕೇಳುವುದನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ. ಚಾಪೆ ಯಾತಕ್ಕೆಂದು ಅವತ್ತು ತಿಳಿಯಿತು. ಎಲ್ಲಿ ಕೂರಿಸಬೇಕೆಂಬ ಪೇಚಾಟ ಮನೆಯವರಿಗೆ ಬರಬಾರದು, ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ ಎಂದು ಅವರು ಮೊದಲೇ ದಾರಿ ಮಾಡಿಕೊಂಡಿದ್ದರು. ನಾನು ಆ ಚಹಾ ಕುಡಿದೆ ಎಂಬುದನ್ನೂ ಇಲ್ಲಿ ಹೇಳಬೇಕು.

ಅರಳೆ ವ್ಯಾಪಾರಿಯೊಬ್ಬರ ಮನೆಯ ಪ್ರಕರಣ ಬಂದದ್ದು ಅದೇ ವರ್ಷ, ದೀಪಾವಳಿಯ ನಂತರ.

ಹದಿನಾಲ್ಕು ವರ್ಷದ ಹುಡುಗಿ. ಎರಡನೆಯ ಸಲ ಮನೆ ಬಿಟ್ಟು ಓಡಿಹೋಗಿ ಹುಬ್ಬಳ್ಳಿ ಸ್ಟೇಷನ್ನಿನ ಹೆಂಗಸರ ಕೋಣೆಯಲ್ಲಿ ಸಿಕ್ಕಿದ್ದಳು. ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದಳು. ತಂದೆ ತೀರಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಅಜ್ಜಿ, ವಿಧವೆ ತಾಯಿ, ವ್ಯಾಪಾರ ನೋಡಿಕೊಳ್ಳುತ್ತಿದ್ದ ಕಾಕಾ. ಕಾಕಾನಿಗೆ ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಮರ್ಯಾದಸ್ತರ ಮನೆಯೆಂದು ಮ್ಯಾಜಿಸ್ಟ್ರೇಟರು ಹುಡುಗಿಯನ್ನು ಮನೆಗೇ ಕಳಿಸಿ, ಆರು ತಿಂಗಳು ನಾವು ವಾರವಾರ ಹೋಗಿ ನೋಡಬೇಕೆಂದು ಆಜ್ಞೆ ಮಾಡಿದರು.

ನಾವು ಹೋದ ಮೊದಲ ದಿನವೇ ಅಜ್ಜಿ ಬಾಗಿಲಲ್ಲಿ ನಿಂತು ನಮ್ಮಿಬ್ಬರ ಮನೆತನ ವಿಚಾರಿಸಿದಳು. ನನ್ನನ್ನು ಒಳಗೆ ಕರೆದಳು. ಬಾಯಾರಿಗೆ ಕಟ್ಟೆ ತೋರಿಸಿದಳು. ನಾನು ಹೊಸ್ತಿಲ ಹೊರಗೇ ನಿಂತೆ.

"ನಾನೂ ಇಲ್ಲೇ ಕೂಡ್ತೀನ್ರಿ," ಎಂದೆ ಮೆಲ್ಲಗೆ.

"ಹುಡುಗಿ ಒಳಗ ಅದಾಳ," ಎಂದರು ಬಾಯಾರು. "ನಮ್ಮಿಬ್ಬರೊಳಗ ಒಬ್ಬರರೆ ಒಳಗ ಹೋಗಬೇಕಲ್ಲ? ನೀವು ಹೋಗ್ರಿ. ಕಣ್ಣು ತೆರದು ನೋಡ್ರಿ."

ಹೀಗೆ ಎಂಟು ವಾರ ನಡೆಯಿತು. ಅವರು ಬಿಸಿಲಲ್ಲಿ ಕಟ್ಟೆಯ ಮೇಲೆ, ನಾನು ನಡುಮನೆಯಲ್ಲಿ ಜಮಖಾನದ ಮೇಲೆ. ನನಗೆ ಎಲ್ಲವೂ ಚೆನ್ನಾಗಿಯೇ ಕಂಡಿತು. ಅಜ್ಜಿ ದೇವರ ಪೂಜೆಯಲ್ಲಿ ಇರುತ್ತಿದ್ದಳು, ತಾಯಿ ತಲೆಯೆತ್ತದೆ ಕೆಲಸದಲ್ಲಿ. ಕಾಕಾ ಬಲು ಸೌಮ್ಯ. ನನ್ನನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡುವನು, ಹುಡುಗಿಯ ಗಣಿತ ತಾನೇ ನೋಡುತ್ತೇನೆಂದು ಹೇಳುವನು, ಕೈಗಡಿಯಾರ ನೋಡಿ "ನಿಮಗ ಬಸ್ಸಿಗಿ ವ್ಯಾಳ್ಯಾ ಆತಲ್ರಿ" ಎಂದು ನೆನಪಿಸುವನು. ಆ ಗಡಿಯಾರದ ಮೇಲೆ ಅವನಿಗೆ ಬಹಳ ಅಭಿಮಾನ, ಮುಂಬಯಿಯಿಂದ ತಂದದ್ದಂತೆ. ಹುಡುಗಿ ನಾನು ಕೇಳಿದ್ದಕ್ಕೆ ಹೂಂ, ಊಹೂಂ ಎನ್ನುವಳು. ಮನೆಯ ವಾತಾವರಣ ಸಮಾಧಾನಕರ ಎಂದು ನಾನು ಬರೆದ ವರದಿಯನ್ನು ಬಾಯಾರು ಓದಿ, ಸಹಿ ಮಾಡದೆ ಇಟ್ಟುಕೊಂಡರು.

"ನೀವು ಒಳಗ ಕೂತು ಏನೇನ ನೋಡಿದ್ರಿ, ಬರದೀರಿ," ಎಂದರು. "ನಾ ಹೊರಗ ಕೂತು ಕೇಳೀನಿ. ಆ ಕಾಕಾ ಮನಿ ಬಿಟ್ಟು ಅಂಗಡಿಗೆ ಹೋದ ಮ್ಯಾಲೇ ಆ ಹುಡುಗಿ ಮಾಳಿಗಿಯಿಂದ ಕೆಳಗ ಇಳೀತಾಳ. ಅಂವ ಬಂದ ಸಪ್ಪಳಾದಕೂಡ್ಲೆ ಅವ್ವನ ಹಂತ್ಯಾಕ ಹೋಗ್ತಾಳ. ಎಂಟು ವಾರ ಹಿಂಗ ಆಗೇದ. ಆಕಿ ಎಲ್ಲಿ ಮಲಗ್ತಾಳ, ನೋಡೀರೇನು?"

ನಾನು ನೋಡಿರಲಿಲ್ಲ. ನೋಡಬೇಕೆಂದು ಹೊಳೆದೇ ಇರಲಿಲ್ಲ.

ಮುಂದಿನ ವಾರ ಹುಡುಗಿಯ ಪುಸ್ತಕಗಳನ್ನು ನೋಡುವ ನೆವದಿಂದ ಮಾಳಿಗೆ ಹತ್ತಿದೆ. ಮೇಲೆ ಎರಡು ಖೋಲಿಗಳು, ಒಂದಕ್ಕೊಂದು ಎದುರು. ಒಂದು ಕಾಕಾನದು. ಇನ್ನೊಂದು ಹುಡುಗಿಯದು. ಹುಡುಗಿಯ ಖೋಲಿಯ ಬಾಗಿಲಿಗೆ ಹೊರಗಡೆ ಹೊಸ ಚಿಲಕ ಹಾಕಿದ್ದರು. ಒಳಗಡೆ ಏನೂ ಇರಲಿಲ್ಲ. ಹಳೆಯ ಚಿಲಕ ಕಿತ್ತಿದ್ದ ತೂತುಗಳಿದ್ದವು. ಓಡಿಹೋಗುವ ಹುಡುಗಿ ಒಳಗಿನಿಂದ ಮುಚ್ಚಿಕೊಂಡು ಕಿಟಕಿಯಿಂದ ಇಳಿದಾಳೆಂದು ಹಾಗೆ ಮಾಡಿಸಿದ್ದಾಗಿ ಅಜ್ಜಿ ಮೊದಲೇ ಹೇಳಿದ್ದಳು. ಅದರಲ್ಲಿ ನನಗೆ ತಪ್ಪು ಕಾಣಲಿಲ್ಲ. ತಿರುಗಿ ಹೊರಡುವಾಗ ಹುಡುಗಿಯ ಹಾಸಿಗೆಯ ತಲೆಯ ಹತ್ತಿರದ ಗೂಡಿನ ಮೇಲೆ ಕಣ್ಣು ಬಿತ್ತು. ಅಲ್ಲಿ ಕಾಕಾನ ಕೈಗಡಿಯಾರವಿತ್ತು.

ಕೆಳಗೆ ಬಂದಾಗ ಅವನು ಎದ್ದು ನಮಸ್ಕಾರ ಮಾಡಿದ. ಮಣಿಕಟ್ಟು ಬರಿದಾಗಿತ್ತು, ಪಟ್ಟಿಯ ಗುರುತು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಹೊರಗೆ ಬಂದೆ.

ಕಟ್ಟೆಯ ಪಕ್ಕದ ಕಿಟಕಿಯಲ್ಲಿ ಹುಡುಗಿ ನಿಂತಿದ್ದಳು. ಇಷ್ಟು ವಾರಗಳಲ್ಲಿ ಅವಳು ಬಾಯಾರೊಡನೆ ಆ ಸರಳುಗಳ ಮೂಲಕ ಮಾತಾಡಲು ಕಲಿತಿದ್ದಳೆಂಬುದು ನನಗೆ ತಿಳಿದಿರಲಿಲ್ಲ. ಅವಳು ಹೇಳಿದ್ದನ್ನು ನಾನೂ ಕೇಳಿದೆ.

"ಬಾಯಾರ, ನನ್ನ ಖೋಲಿಗಿ ಒಂದು ಚಿಲಕಾ ಹಾಕಸ್ರಿ. ಒಳಗಿಂದ ಹಾಕ್ಕೊಳ್ಳೂದು."

ಬಾಯಾರು ಅವಳನ್ನು ಏನೂ ಕೇಳಲಿಲ್ಲ. "ಹಾಕಸೋಣು ತಂಗಿ," ಎಂದರು. ಆಮೇಲೆ ಎದ್ದು ಚಾಪೆ ಮಡಿಸಿದರು.

ದಾರಿಯಲ್ಲಿ ನಾನು ಗಡಿಯಾರದ ವಿಷಯ ಹೇಳಿದೆ. ಅವರು ನಡು ರಸ್ತೆಯಲ್ಲಿ ನಿಂತುಬಿಟ್ಟರು. ಟಾಂಗಾದವನು ಬೈದುಕೊಂಡು ಪಕ್ಕಕ್ಕೆ ಸರಿದು ಹೋದ.

ಕಚೇರಿಯಲ್ಲಿ ನಮ್ಮ ಮುಖ್ಯಸ್ಥರು ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು. ದೊಡ್ಡ ಮನೆ, ಸಾಕ್ಷಿ ಬೇಕು, ಮುಂದಿನ ವರದಿಯಲ್ಲಿ ಸೂಕ್ಷ್ಮವಾಗಿ ಬರೆಯೋಣ, ಅವಸರ ಬೇಡ ಎಂದರು.

"ವರದಿ ಬರೀತೀನ್ರಿ, ಮುಂದಿನ ವಾರ ಹೋಗ್ತದ," ಎಂದರು ಬಾಯಾರು. "ಹುಡುಗಿ ಇವತ್ತ ಮಲಕೋಬೇಕು."

ದುರ್ಗದಬೈಲಿನಲ್ಲಿ ಚಿಲಕ ಕೊಂಡರು. ಇಬ್ಬರು ಬಡಿಗರನ್ನು ಕೇಳಿದರು. ಮನೆಯ ಹೆಸರು ಕೇಳಿದಕೂಡಲೇ, ಆ ಮನೆಯವರು ಹೇಳದೆ ತಾವು ಬರುವುದಿಲ್ಲವೆಂದರು. ಒಬ್ಬನ ಹತ್ತಿರ ಸ್ಕ್ರೂಡ್ರೈವರ್ ಮತ್ತು ದಬ್ಬಣ ಎರವಲು ಪಡೆದು ತಾವೇ ಹೊರಟರು. ನಾನು ಹಿಂದೆ ಹೋದೆ. ಮಧ್ಯಾಹ್ನದ ಹೊತ್ತು, ಕಾಕಾ ಅಂಗಡಿಯಲ್ಲಿದ್ದ. ಬಾಗಿಲು ತೆರೆದೇ ಇತ್ತು. ಬಾಯಾರು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸ್ತಿಲು ದಾಟಿ ಒಳಗೆ ನಡೆದರು.

"ಯಾರು ಕರದರು ನಿನ್ನ ಒಳಗ?" ಎಂದಳು ಅಜ್ಜಿ.

ಬಾಯಾರು ಮಾಳಿಗೆಯ ಮೆಟ್ಟಿಲು ಹತ್ತಿದರು. ನಾನು ಹೊಸ್ತಿಲ ಹತ್ತಿರವೇ ನಿಂತೆ. ಮುಂದೆ ಹೋಗಲು ಆಗಲಿಲ್ಲ, ಹಿಂದಕ್ಕೂ ಆಗಲಿಲ್ಲ. ಆಗ ಅಡಿಗೆಮನೆಯಿಂದ ಹುಡುಗಿಯ ತಾಯಿ ಬಂದಳು. ಒಂಬತ್ತು ವಾರಗಳಲ್ಲಿ ನಾನು ಅವಳ ಮುಖವನ್ನು ಪೂರ್ತಿ ನೋಡಿರಲಿಲ್ಲ. ಅತ್ತೆ "ಎಲ್ಲಿಗೆ ಹೊಂಟಿ?" ಎಂದು ಕೇಳುತ್ತಿದ್ದಂತೆಯೇ ಅವಳು ಸುಮ್ಮನೆ ಮೆಟ್ಟಿಲು ಹತ್ತಿಹೋದಳು. ಕೆಳಗಿನಿಂದ ನನಗೆ ಬಾಗಿಲಿನ ಒಂದು ಭಾಗ ಕಾಣುತ್ತಿತ್ತು. ಬಾಯಾರು ಮೊಣಕಾಲೂರಿ ದಬ್ಬಣದಿಂದ ತೂತು ಮಾಡುತ್ತಿದ್ದರು. ತಾಯಿ ಪಕ್ಕದಲ್ಲಿ ನಿಂತು ಅಂಗೈಯಲ್ಲಿ ಸ್ಕ್ರೂಗಳನ್ನು ಹಿಡಿದು ಒಂದೊಂದಾಗಿ ಕೊಡುತ್ತಿದ್ದಳು. ಮುಗಿದ ಮೇಲೆ ತಾಯಿ ಒಳಗೆ ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿ ನೋಡಿದಳು. ತೆಗೆದಳು. ಮತ್ತೆ ಹಾಕಿದಳು. ಮೂರು ನಾಲ್ಕು ಸಲ ಆ ಸಪ್ಪಳ ಕೇಳಿತು.

ನಾವು ಬೀದಿಗೆ ಇಳಿಯುವಷ್ಟರಲ್ಲಿ ಹಿಂದೆ ನೀರು ಸುರಿಯುವ ಸದ್ದು. ಅಜ್ಜಿ ಕೊಡಗಟ್ಟಲೆ ನೀರು ಹಾಕಿಸಿ ಮೆಟ್ಟಿಲು, ನಡುಮನೆ, ಹೊಸ್ತಿಲು ಎಲ್ಲವನ್ನೂ ತೊಳೆಸುತ್ತಿದ್ದಳು. ಗಟಾರದಲ್ಲಿ ಆ ನೀರು ನಮ್ಮ ಜತೆಗೇ ಹರಿದು ಬಂತು. ನನಗೆ ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

"ತೊಳೀಲಿ ಬಿಡ್ರಿ," ಎಂದರು ಬಾಯಾರು. "ಚಿಲಕಾ ತೊಳದು ಹೋಗೂದಿಲ್ಲ."

ಆಮೇಲಿನದು ಬೇಗ ಬೇಗ ನಡೆಯಿತು. ಸಂಸ್ಥೆಯ ಹೆಂಗಸು ಬಲವಂತದಿಂದ ಮನೆ ಹೊಕ್ಕು ಮರ್ಯಾದಸ್ತರ ಮನೆಯನ್ನು ಹೊಲೆ ಮಾಡಿದಳು, ಈ ಮೇಲ್ವಿಚಾರಣೆಯನ್ನೇ ರದ್ದು ಮಾಡಬೇಕು ಎಂದು ಕಾಕಾ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಿದ. ಹುಡುಗಿಯನ್ನೂ ತಾಯಿಯನ್ನೂ ಆ ಮನೆಯಿಂದ ತಪ್ಪಿಸಿ ನವಲಗುಂದದ ಕಡೆಯ ತಾಯಿಯ ತವರಿಗೆ ಕಳಿಸಬೇಕು, ತಾವು ಅಲ್ಲಿಗೇ ಹೋಗಿ ನೋಡಿಕೊಳ್ಳುತ್ತೇವೆ ಎಂದು ಬಾಯಾರು ವರದಿ ಕೊಟ್ಟರು. ಹುಡುಗಿಯನ್ನು ನಾಲ್ಕು ಜನರ ಎದುರು ನಿಲ್ಲಿಸಿ ಹೇಳಿಸಲು ಅವರು ಒಪ್ಪಲಿಲ್ಲ. ಹಾಗಾಗಿ ಮನೆಯ ಒಳಗನ್ನು ಕಂಡು ಹೇಳಬಲ್ಲವಳು ನಾನೊಬ್ಬಳೇ ಉಳಿದೆ.

ಕೋರ್ಟಿನ ವಿಚಾರಣೆಯ ಹಿಂದಿನ ದಿನ ಸಂಜೆ ನಾನು ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಕಾಯುತ್ತಿದ್ದರು. ಕಾಲೇಜಿನಲ್ಲಿ ಪಾಠ ಹೇಳುವವರು, ಎಂದೂ ನನ್ನ ಮೇಲೆ ಧ್ವನಿ ಏರಿಸಿದವರಲ್ಲ.

"ಆ ಮನ್ಯಾವರ ಬಳಗದಾಗ ನಮ್ಮ ಸೋದರತ್ತಿ ಮಗಳನ್ನ ಕೊಟ್ಟಾರ," ಎಂದರು. "ಇವತ್ತ ಅವರ ಕಡ್ಯಾವರು ಬಂದಿದ್ದರು. ಏನೂ ಅಂಜಿಸಲಿಲ್ಲ, ಛಲೋತ್ನಾಗ ಮಾತಾಡಿದರು. ನಿನ್ನ ಹಿಂದ ಇನ್ನೂ ಇಬ್ಬರು ತಂಗ್ಯಾರು ಅದಾರ. ಸುಳ್ಳು ಹೇಳಂತ ನಾ ಹೇಳಾಕತ್ತಿಲ್ಲ. ಕೇಳಿದ್ದಕ್ಕ ಅಷ್ಟ ಉತ್ತರ ಕೊಡು."

ಮಕ್ಕಳ ಕೋರ್ಟು ಒಂದು ಸಣ್ಣ ಕೋಣೆಯಲ್ಲಿ ನಡೆಯುತ್ತಿತ್ತು. ಕಟಕಟೆ ಇರಲಿಲ್ಲ, ಮೇಜಿನ ಸುತ್ತ ಕುರ್ಚಿ. ನಾನು ಒಳಗೆ ಕಂಡದ್ದೇನೆಂದು ಮ್ಯಾಜಿಸ್ಟ್ರೇಟರು ಕೇಳಿದರು.

"ಹುಡುಗಿಯ ಕೋಣೆಗೆ ಹೊರಗಡೆ ಚಿಲಕವಿತ್ತು. ಒಳಗಡೆ ಇರಲಿಲ್ಲ," ಎಂದೆ.

"ಅದು ಅವಳು ಓಡಿಹೋಗದಂತೆ ಹಾಕಿದ್ದೆಂದು ಮನೆಯವರು ಹೇಳುತ್ತಾರೆ. ಅನುಮಾನಕ್ಕೆ ಆಸ್ಪದವಾಗುವಂಥ ಬೇರೆ ಏನನ್ನಾದರೂ ನೋಡಿದಿರಾ?"

ಕಾಕಾ ಎದುರಿಗೇ ಕೂತಿದ್ದ. ಗಡಿಯಾರ ಕೈಮೇಲಿತ್ತು. ಅವನು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಬಾಯಾರು ಕಿಟಕಿಯ ಹತ್ತಿರ ಕೂತಿದ್ದರು.

"ಇಲ್ಲ," ಎಂದೆ.

ಆ ಶಬ್ದ ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ನಾನೇ ಬೆಚ್ಚಿದೆ. ಈಗಲೂ ಬೆಚ್ಚುತ್ತೇನೆ. ನಾಲಿಗೆ ತಡವರಿಸಲಿಲ್ಲ. ವಕೀಲರು ತಲೆದೂಗಿದರು. ಮ್ಯಾಜಿಸ್ಟ್ರೇಟರು ಬರೆದುಕೊಂಡು ಬಾಯಾರ ಕಡೆ ತಿರುಗಿದರು.

"ಕರೆಯದೆ ಇನ್ನೊಬ್ಬರ ಮನೆಯೊಳಗೆ ಹೋಗಿದ್ದು ನಿಜವೇ?"

ಬಾಯಾರು ಏಳುವ ಮೊದಲೇ ಗೋಡೆಯ ಹತ್ತಿರ ಯಾರೋ ಎದ್ದು ನಿಂತರು. ಹುಡುಗಿಯ ತಾಯಿ. ತಲೆಯ ಮೇಲಿನ ಸೆರಗು ಹಣೆಯತನಕ ಇತ್ತು.

"ಅವರು ತಾವಾಗಿ ಬರಲಿಲ್ರಿ," ಎಂದಳು. "ನಾ ಕರದೆ."

ಅಜ್ಜಿ ಅವಳ ತೋಳು ಹಿಡಿದು ಜಗ್ಗಿದಳು. ಅವಳು ಕೂರಲಿಲ್ಲ.

"ಯಾತಕ್ಕೆ ಕರೆದಿರಿ?"

ಅವಳು ಅತ್ತೆಯ ಕೈಯಿಂದ ತೋಳು ಬಿಡಿಸಿಕೊಂಡಳು.

"ಹೊರಗಿನ ಚಿಲಕಾ ನನ್ನ ಕೈಯಿಂದನ ಹಾಕ್ತಿದ್ದೆರಿ, ದಿನಾ," ಎಂದಳು. "ಮುಂಜಾನೆ ಎದ್ದು ನೋಡಿದ್ರ ಅದು ತಗದಿರ್ತಿತ್ತು. ನನ್ನ ಖೋಲಿ ಕೆಳಗರಿ. ಮ್ಯಾಲ ಇರಾವರು ಇಬ್ಬರ."

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಆಮೇಲೆ ತಾಯಿಯನ್ನೂ ಬಾಯಾರನ್ನೂ ಬಿಟ್ಟು ಉಳಿದವರೆಲ್ಲ ಹೊರಗೆ ಹೋಗಬೇಕೆಂದರು. ನಾನೂ ಹೊರಗೆ ಹೋದೆ.

ಓದು ಬರಹ ಇಲ್ಲದ, ಅತ್ತೆಯ ಮನೆ ಬಿಟ್ಟರೆ ನಿಲ್ಲಲು ನೆಲೆಯಿಲ್ಲದ ಆ ಹೆಂಗಸು, ಕರೆಯದೆ ಬಂದವರನ್ನು ತಾನು ಕರೆದೆನೆಂದು ಸುಳ್ಳು ಹೇಳಿದ್ದಳು. ಅದರ ಹಿಂದೆಯೇ ತನ್ನ ಜನ್ಮದಲ್ಲಿ ಹೇಳಲಾಗದ ಸತ್ಯವನ್ನೂ ಹೇಳಿದ್ದಳು. ಬಿ.ಎ. ಪಾಸಾದ ನಾನು ಎರಡನ್ನೂ ಹೇಳಿರಲಿಲ್ಲ. ವರಾಂಡದ ಬೆಂಚಿನ ಮೇಲೆ ಕೂತು ನನ್ನ ಕೈಗಳನ್ನೇ ನೋಡಿಕೊಂಡೆ.

ಬಾಯಾರು ಕೇಳಿದ್ದ ಆಜ್ಞೆಯೇ ಆಯಿತು. ಅದೇ ವಾರ ತಾಯಿ-ಮಗಳು ನವಲಗುಂದದ ಕಡೆ ಹೋದರು. ಕಾಕಾನಿಗೆ ಏನೂ ಆಗಲಿಲ್ಲ. ಮನೆತನದ ಹೆಸರು ಕೆಡಬಾರದೆಂದು ತಾಯಿಯ ಅಣ್ಣಂದಿರೇ ಫಿರ್ಯಾದಿ ಬೇಡವೆಂದರು. ಒಂದು ವರ್ಷದ ಮೇಲೆ ಅವನ ಮದುವೆಯ ಆಮಂತ್ರಣ ನಮ್ಮ ಮನೆಗೂ ಬಂತು. ಅನುಮತಿಯಿಲ್ಲದೆ ವರ್ತಿಸಿದ್ದಕ್ಕಾಗಿ ನಮ್ಮ ಸಂಸ್ಥೆಯ ಕಮಿಟಿ ಬಾಯಾರಿಗೆ ಲಿಖಿತ ಎಚ್ಚರಿಕೆ ಕೊಟ್ಟಿತು. ಅದನ್ನು ಓದಿ ಅವರು ಶೇಂಗಾದ ಸಿಪ್ಪೆ ಇದ್ದ ಅದೇ ಚೀಲಕ್ಕೆ ಹಾಕಿಕೊಂಡರು.

ಕೋರ್ಟಿನಿಂದ ಹೊರಬಿದ್ದ ಆ ದಿನ ನಾನು ಅವರ ಹಿಂದೆ ಓಡಿದೆ. ಅವತ್ತು ಒಂದು ದಿನ ಅವರು ನಿಧಾನವಾಗಿ ನಡೆಯುತ್ತಿದ್ದರು.

"ಬಾಯಾರ, ನಾ ಗಡಿಯಾರದ್ದು ಹೇಳಲಿಲ್ರಿ," ಎಂದೆ.

"ಗೊತ್ತದ," ಎಂದರು. ಒಂದಷ್ಟು ದೂರ ನಡೆದ ಮೇಲೆ, "ಮಧ್ಯಾಹ್ನ ಗಿರಣಿ ಚಾಳದಾಗ ಒಂದು ಮನಿಗೆ ಹೋಗೂದದ. ಉಂಡು ಬರ್ರಿ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದು ಮಧ್ಯಾಹ್ನ ಆ ಮನೆಗೆ ಹೋದೆ, ಅದರ ಮರುದಿನವೂ ಇನ್ನೊಂದಕ್ಕೆ. ಆದರೆ ಪ್ರತಿ ಮನೆಯ ಹೊಸ್ತಿಲಲ್ಲಿ ನನ್ನ ಕಾಲು ತಡೆಯುತ್ತಿತ್ತು. ಎರಡು ತಿಂಗಳಲ್ಲಿ ಕೆಲಸ ಬಿಟ್ಟು ಧಾರವಾಡದ ಸಾಲೆಗೆ ಸೇರಿದೆ. ರಾಜೀನಾಮೆ ಕೊಟ್ಟ ದಿನ ಅವರು, "ಸಾಲ್ಯಾಗ ಹುಡುಗ್ಯಾರು ಸುಮ್ನ ಕೂತಿದ್ರ ಶಾಣ್ಯಾರು ಅಂತ ತಿಳೀಬ್ಯಾಡ್ರಿ. ಯಾಕ ಸುಮ್ನ ಕೂತಾರ, ಕೇಳ್ರಿ," ಎಂದರು. ಕೇಳುತ್ತೇನೆ. ಎಂಟು ವರ್ಷಗಳಿಂದ ಕೇಳುತ್ತಲೇ ಇದ್ದೇನೆ. ಆದರೆ ಬಾಯಾರನ್ನು ನೋಡಲು ಒಮ್ಮೆಯೂ ಹೋಗಲಿಲ್ಲ. ಹುಬ್ಬಳ್ಳಿಗೆ ಎಷ್ಟು ಸಲ ಹೋದೆನೋ, ಸ್ಟೇಷನ್ ರಸ್ತೆಯನ್ನು ಮಾತ್ರ ತಪ್ಪಿಸಿ ಬರುತ್ತಿದ್ದೆ.

ಚೀಟಿ ಬಂದ ದಿನ ಸಾಲೆಯಿಂದ ಸೀದಾ ಬಸ್ಸು ಹಿಡಿದೆ. ಅವರು ತಮ್ಮನ ಸಂಸಾರದೊಡನೆ ಇದ್ದ ಸಣ್ಣ ಮನೆ. ಬುದ್ಧನ ಪಟದ ಕೆಳಗೆ ಮಲಗಿಸಿದ್ದರು. ಹಿರಿಯರೊಬ್ಬರು ಮೆಲುದನಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ನನಗೆ ಆಶ್ಚರ್ಯವಾದದ್ದು ನೆರೆದಿದ್ದ ಜನ ಕಂಡು. ಗಿರಣಿಯವರು, ಹಮಾಲರು, ಇಸ್ತ್ರಿಯ ಅಂಗಿ ತೊಟ್ಟ ತರುಣರು, ಕೂಸು ಎತ್ತಿಕೊಂಡ ಹೆಣ್ಣುಮಕ್ಕಳು. ಬೀದಿಯ ತುದಿಯತನಕ ನಿಂತಿದ್ದರು. ಯಾರೂ ಗಟ್ಟಿಯಾಗಿ ಅಳುತ್ತಿರಲಿಲ್ಲ.

ಒಬ್ಬ ಹುಡುಗಿ ಬಂದವರಿಗೆಲ್ಲ ನೀರು ಕೊಡುತ್ತಿದ್ದಳು. ನನ್ನ ಹತ್ತಿರ ಬಂದಾಗ ಲೋಟ ಹಿಡಿದ ಕೈ ತಡೆಯಿತು.

"ನೀವು ಸಣ್ಣ ಬಾಯಾರಲ್ರೀ?"

ಗುರುತು ಹತ್ತಲು ನನಗೆ ಒಂದು ಕ್ಷಣ ಬೇಕಾಯಿತು. ಅವಳು ಎತ್ತರವಾಗಿದ್ದಳು. ಮುಖ ತುಂಬಿಕೊಂಡಿತ್ತು. ಕೇಳದೆಯೇ ಹೇಳಿದಳು: ಬಾಯಾರು ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ನವಲಗುಂದದ ಕಡೆ ಬರುತ್ತಿದ್ದರಂತೆ, ಕೋರ್ಟಿನ ಅವಧಿ ಮುಗಿದ ಮೇಲೂ ಬರುತ್ತಿದ್ದರಂತೆ. ಅವಳನ್ನು ಮ್ಯಾಟ್ರಿಕ್ ಮಾಡಿಸಿದವರು ಅವರೇ. ಈಗ ಹುಬ್ಬಳ್ಳಿಯ ದವಾಖಾನೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಾಳೆ. ಕೊನೆಯ ಎರಡು ತಿಂಗಳು ಅವರ ಆರೈಕೆ ಮಾಡಿದವಳು ಅವಳೇ. ತಾಯಿ ಊರಿನಲ್ಲಿಯೇ ಇದ್ದಾಳೆ, ಚೆನ್ನಾಗಿದ್ದಾಳೆ.

ಕೇಳಬಾರದೆಂದುಕೊಂಡರೂ ಕೇಳಿದೆ. "ಬಾಯಾರು ನನ್ನ ವಿಷಯ ಏನರೆ ಅಂತಿದ್ದರೇನು?"

"ನಾನ ಒಮ್ಮೆ ಕೇಳಿದ್ದೆರಿ," ಎಂದಳು. "ಎಲ್ಲಾ ಗೊತ್ತಿದ್ದೂ ಸಣ್ಣ ಬಾಯಾರು ಯಾಕ ಹೇಳಲಿಲ್ಲಂತ. ಅದಕ್ಕ ಬಾಯಾರು, ಆಕಿಗಿ ಆಗ ಇಪ್ಪತ್ತೆರಡು ವರ್ಷ, ಆಕೀನೂ ಅಂಜಿದ ಹುಡುಗೀನ ಇದ್ದಳು, ಆಕಿ ಮನಿಗೂ ಯಾರರೆ ಹೋಗಬೇಕಾಗಿತ್ತು, ನಾ ಹೋಗಲಿಲ್ಲ ಅಂದ್ರು."

ನಾನು ಬಾಯಾರು ಮಲಗಿದ್ದ ಕಡೆ ನೋಡಿದೆ. ನನ್ನ ತಪ್ಪನ್ನೂ ತಮ್ಮ ತಪ್ಪುಗಳ ಜತೆ ಇಟ್ಟುಕೊಂಡು ಅವರು ಹೋಗಿದ್ದರು. ಕಣ್ಣು ತುಂಬಿ ಬಂತು. ಕ್ಷಮೆ ಸಿಕ್ಕಿತೆಂದೇ ಒಂದು ಕ್ಷಣ ನಂಬಿದೆ.

ಹುಡುಗಿ ಇನ್ನೂ ಎದುರಿಗೇ ನಿಂತಿದ್ದಳು. ಲೋಟವನ್ನು ನನ್ನ ಕೈಗೆ ಕೊಟ್ಟಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನನಗೂ ಈಗ ಇಪ್ಪತ್ತೆರಡರೀ," ಎಂದಳು. "ನಾನಾಗಿದ್ರ ಹೇಳ್ತಿ‌ದ್ದೆ."